ಕುತ್ತಿಗೆ ಕೊಯ್ದ ಕೋವಿ

ಕುವೈತಿನಲ್ಲಿ ನಾನು ಅಡುಗೆಗಿದ್ದ ಮನೆಯಲ್ಲಿ ಯಜಮಾನರನ್ನು ಬಾಬಾ ಎಂದೂ ಅವರ ಹೆಂಡತಿಯನ್ನು ಮಾಮಾ ಎಂದೂ ಕರೆಯುತ್ತಿದ್ದೆವು. ಅಲ್ಲಿ ಮನೆಕೆಲಸದವರೆಲ್ಲ ಹಾಗೇ ಕರೆಯುವುದು. ಬಾಬಾ ನನ್ನನ್ನು ‘ಯಾ ಬಿಂತ್’ ಎನ್ನುತ್ತಿದ್ದರು. ಎಂದರೆ ‘ಏ ಹುಡುಗಿ’. ಊರಲ್ಲಿ ನನಗೆ ಆಗಲೇ ಮೊಮ್ಮಕ್ಕಳಿದ್ದರು. ಇರಲಿ, ಆ ವಯಸ್ಸಿನಲ್ಲಿ ಹುಡುಗಿ ಅನ್ನುವವರು ಇನ್ಯಾರು ಸಿಗುತ್ತಾರೆ?

ಬಾಬಾಗೆ ಹಳೆ ಕೋವಿಗಳ ಹುಚ್ಚು. ಯಾವುದೋ ಕಾಲದ ಸೈನಿಕರು ಹೊತ್ತ, ಪ್ರತಿ ಗುಂಡಿಗೂ ಬೋಲ್ಟು ಎಳೆಯಬೇಕಾದ ಉದ್ದನೆಯ ಕೋವಿಗಳು. ಅವುಗಳಲ್ಲೂ ಯಾರೋ ಕೆಡಿಸಿಟ್ಟವೇ ಬೇಕು. ಸೈನ್ಯದ ಕೋವಿಗೆ ಹೆಚ್ಚುಕಡಿಮೆ ಮೂತಿಯವರೆಗೂ ಮರದ ಹೊದಿಕೆ ಇರುತ್ತದಂತೆ. ಬೇಟೆಗೆ ಹೋಗುವವರಿಗೆ ಅದು ಭಾರ. ಮುಂದಿನ ಮರ ಗರಗಸದಲ್ಲಿ ಕೊಯ್ದು, ಅದನ್ನು ಹಿಡಿದಿದ್ದ ಕಬ್ಬಿಣದ ಬಳೆಗಳನ್ನು ಎಸೆದು ಹಗುರ ಮಾಡಿಕೊಳ್ಳುತ್ತಿದ್ದರು. ಬಾಬಾ ಅಂಥವನ್ನು ಹುಡುಕಿ ತಂದು, ಮತ್ತೆ ಮರ ಕೂಡಿಸಿ, ಮೊದಲಿನಂತೆ ಮಾಡುತ್ತಿದ್ದರು. ಎಲ್ಲಕ್ಕೂ ಸರಕಾರದ ಪರವಾನಗಿ ಇತ್ತು. ತೋಟಾಕ್ಕೆ ಬಡಿಯುವ ಒಳಗಿನ ಮೊಳೆ ತೆಗೆಸಿದ್ದರಿಂದ ಒಂದೂ ಗುಂಡು ಹಾರಿಸುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅವು ಒಲೆ ಊದುವ ಕೊಳವೆಗಿಂತ ಕಡೆ. ಕೊಳವೆ ಬೆಂಕಿಯನ್ನಾದರೂ ಹೊತ್ತಿಸುತ್ತದೆ.

ಅವರ ಕೆಲಸದ ಕೋಣೆ ನನ್ನ ಅಡುಗೆಮನೆಗೆ ಅಂಟಿಕೊಂಡೇ ಇತ್ತು. ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ವಾಸನೆ ನನ್ನ ಮೀನುಸಾರಿಗೂ ಬರುತ್ತಿತ್ತು. ಮೀನಿನ ವಾಸನೆ ಕೋವಿಗೆ ಬರುತ್ತದೆ ಎಂದು ಅವರು ಬೈಯುತ್ತಿದ್ದರು.

ಗೋಡೆಯ ಮೇಲಿನ ಕೋವಿಗಳಲ್ಲಿ ಒಂದು ಮಾತ್ರ ಮೋಟಾಗಿಯೇ ಉಳಿದಿತ್ತು. ಅದು ಅವರ ಅಪ್ಪನದು. ಅಪ್ಪ ಅದನ್ನು ದೊಡ್ಡ ಮಗನಿಗೆ ಕೊಡದೆ ಕಿರಿಯವನಿಗೆ, ಎಂದರೆ ನಮ್ಮ ಬಾಬಾಗೆ ಕೊಟ್ಟಿದ್ದರು. ಅಣ್ಣನಿಗೆ ಅದೇ ಉರಿ. ಆ ಅಣ್ಣ ಹಜ್‌ಗೆ ಹೋಗಿದ್ದಾಗ ತರುಣ ಬಾಬಾ ಅದರ ಮರ ಕೊಯ್ಸಿ ಬೇಟೆಗೆ ಒಯ್ದರು. ಅಂದಿನಿಂದ ಪ್ರತಿ ಈದ್‌ಗೆ ಅಣ್ಣ ವಫ್ರಾದ ತೋಟದಿಂದ ಬರುವುದು, ಗಂಡಸರೆಲ್ಲ ಕೂತ ದಿವಾನಿಯಾದ ಬಾಗಿಲಲ್ಲೇ ನಿಂತು, “ಅಪ್ಪನ ಕೋವಿಯ ಕುತ್ತಿಗೆ ಕೊಯ್ದವನು ಎಲ್ಲಿ?” ಎಂದು ಕೇಳುವುದು. ಎಲ್ಲರೂ ನಗುವುದು. ಬಾಬಾ ತಲೆ ಬಿಳಿಯಾದರೂ ಆ ಮಾತಿಗೆ ಕೆಂಪಾಗುತ್ತಿದ್ದರು.

“ಈ ಈದ್‌ಗೆ ಅವನ ಬಾಯಿ ಮುಚ್ಚಿಸುತ್ತೇನೆ,” ಎಂದು ಒಂದು ವರ್ಷ ಹಟ ಹಿಡಿದರು. ಆದರೆ ಆ ಜಾತಿಯ ಕೋವಿಯ ಮುಂದಿನ ಮರ ಎಲ್ಲೂ ಸಿಗಲಿಲ್ಲ.

ಸಿಕ್ಕಿದ್ದು ರಾಯ್ ಎಂಬಲ್ಲಿನ ಶುಕ್ರವಾರದ ಸಂತೆಯಲ್ಲಿ. ನಾನು ನೆಲ ಒರೆಸುವ ಕೋಲು ಕೊಳ್ಳಲು ಬಾಬಾ ಜೊತೆ ಕಾರಿನಲ್ಲಿ ಹೋಗಿದ್ದೆ. ಮನೆಯ ಡ್ರೈವರ್ ಉಳ್ಳಾಲದ ಕಡೆಯ ಬ್ಯಾರಿ. ಅವನು ನನ್ನ ಸೆರಗು ಜಗ್ಗದಿದ್ದದ್ದೊಂದು ಬಾಕಿ.

“ಬಾಯಮ್ಮ, ಅಲ್ಲಿ ನೋಡಿ. ಬಾಬಾ ಎಂತ ಮಾಡ್ತಾ ಉಂಟು?”

ಹಕ್ಕಿ ಪಂಜರ ಮಾರುವವನೊಬ್ಬ ತನ್ನ ಬಟ್ಟೆಯ ಚಪ್ಪರಕ್ಕೆ ಒಂದು ಮರದ ತುಂಡನ್ನು ಆಸರೆಯಾಗಿ ನಿಲ್ಲಿಸಿದ್ದ. ಬಾಬಾ ಅದನ್ನು ತಬ್ಬಿಕೊಂಡಂತೆ ನಿಂತಿದ್ದರು. ಬೆರಳಿಂದ ಅದರ ತೋಡು ಸವರಿದರು, ಮೂಸಿದರು, ಮತ್ತೆ ಏನೂ ಕೇಳದೆ ಎಳೆದೇಬಿಟ್ಟರು. ಚಪ್ಪರ ದಬಕ್ಕನೆ ಪಂಜರಗಳ ಮೇಲೆ ಕುಸಿಯಿತು. ಗಿಳಿಗಳು ಕಿರುಚಿದ್ದು ಒಂದು ಕಡೆ, ಅಂಗಡಿಯವನು “ಅರೇ ಭಾಯಿ!” ಎಂದು ಕಿರುಚಿದ್ದು ಇನ್ನೊಂದು ಕಡೆ. ಬಾಬಾ ನನ್ನ ಕೈಯಲ್ಲಿದ್ದ ಹೊಸ ಕೋಲು ಕಸಿದು ಚಪ್ಪರಕ್ಕೆ ಆಸರೆಯಾಗಿ ನಿಲ್ಲಿಸಿದರು. ಮೇಲಿಂದ ಏನೋ ಕೊಟ್ಟು ಅವನನ್ನು ಸಮಾಧಾನ ಮಾಡಿದರು. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ. ಆ ಈದ್‌ವರೆಗೂ ನೆಲವನ್ನು ಬಟ್ಟೆಯಲ್ಲೇ ಬಗ್ಗಿ ಒರೆಸಿದೆ.

ಆಮೇಲೆ ಬಾಬಾ ಕೋಣೆ ಬಿಟ್ಟು ಹೊರಬರಲಿಲ್ಲ. ಹಳೆ ಮರಕ್ಕೆ ಹೊಸ ತುಂಡನ್ನು ಕೂಡಿಸಿ, ಕೂಡಿಸಿದ ಗೆರೆಯ ಮೇಲೇ ಕಬ್ಬಿಣದ ಬಳೆ ಬಿಗಿದು ಅದನ್ನು ಮುಚ್ಚಿದರು. ತುಂಡು ಬಿಸಿಲಿಗೆ ಬಿಳಿಚಿತ್ತು. ಬಣ್ಣ ಹೊಂದಿಸಲು ಚಹಾದ ಗಟ್ಟಿ ಕಷಾಯ ಹಚ್ಚಿದರು. ಒಣಗಿದ ಮೇಲೆ ಮತ್ತೆ ಚಹಾ, ಆಮೇಲೆ ಎಣ್ಣೆ. ಮನೆಯ ಚಹಾಪುಡಿಯೆಲ್ಲ ಕೋವಿಯೇ ಕುಡಿಯಿತು. ಮಾಮಾ ಬಿಸಿನೀರು ಕುಡಿದರು.

ಮುಗಿದ ದಿನ ನನ್ನನ್ನು ಕರೆದು ತೋರಿಸಿದರು. “ಎಲ್ಲಿ ಕೂಡಿಸಿದ್ದೇನೆ, ಹೇಳು ನೋಡೋಣ.”

ನನಗೆ ಕಾಣಲಿಲ್ಲ. ಅದೇ ನನಗೆ ಸರಿಬರಲಿಲ್ಲ.

“ಬಾಬಾ, ಒಂದು ಕಡೆ ಒಂದು ಗೀರು ಹಾಕಿ ಬಿಡಿ,” ಎಂದೆ. “ನಮ್ಮೂರಲ್ಲಿ ಚಂದದ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ. ನಿಮ್ಮಣ್ಣನಿಗೆ ಬೈಯಲು ಏನಾದರೂ ಸಿಗಲಿ. ಸಿಗದಿದ್ದರೆ ಹೊಗಳಿಬಿಟ್ಟಾರು.”

“ಹೊಗಳಲಿ! ಅದಕ್ಕೇ ಅಲ್ಲವೇ ಮಾಡಿದ್ದು?”

“ಹೊಗಳಿದರೆ ಕೊಡಬೇಕಾಗುತ್ತದೆ.”

ಅಲ್ಲಿನ ಪದ್ಧತಿ ಅದು. ಮನೆಗೆ ಬಂದವರು ಒಂದು ವಸ್ತುವನ್ನು ಬಾಯಿತುಂಬ ಹೊಗಳಿದರೆ, ‘ಅದು ನಿಮ್ಮದೇ, ತೆಗೆದುಕೊಳ್ಳಿ’ ಅನ್ನಬೇಕು. ಬಂದವರು ‘ಬೇಡ ಬೇಡ’ ಅನ್ನಬೇಕು. ಸಾಮಾನ್ಯಕ್ಕೆ ಅಲ್ಲಿಗೆ ಮುಗಿಯುತ್ತದೆ. ಆದರೆ ಮಾಮಾ ಒಮ್ಮೆ ಹಾಗೆಯೇ ಒಳ್ಳೆಯ ಧೂಪದಾನಿ ಕಳೆದುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಬಾಬಾ ನಕ್ಕರು. “ನನ್ನ ಅಣ್ಣ ಹುಟ್ಟಿದಾಗಿನಿಂದ ಯಾವುದನ್ನೂ ಹೊಗಳಿಲ್ಲ. ಖಲಾಸ್, ಹೋಗಿ ಅನ್ನ ನೋಡು.”

ಈದ್ ಬಂತು, ಅಣ್ಣನೂ ಬಂದರು. ನಾನು ಚಹಾ ದಾಟಿಸುವ ಕಿಟಕಿಯ ಹಿಂದೆ ನಿಂತಿದ್ದೆ. ಅವರು ಎಂದಿನಂತೆ ಬಾಯಿ ತೆರೆದರು, ಆದರೆ ಬಾಬಾ ಅಲ್ಲಿನ ಗೋಡೆಗೆ ತಂದು ತೂಗುಹಾಕಿದ್ದ ಕೋವಿ ನೋಡಿ ಹಾಗೇ ನಿಂತರು. ಅದನ್ನು ಇಳಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬಳೆಗಳ ಹತ್ತಿರ ಉಗುರು ಹಾಕಿ ಕೆರೆದರು. ಮುದುಕ ತಪ್ಪು ಹುಡುಕುತ್ತಿದ್ದರು. ಸಿಗಲಿಲ್ಲ.

“ಅಪ್ಪನ ಕೈಯಲ್ಲಿದ್ದ ಹಾಗೇ ಇದೆ,” ಎಂದರು. “ಇಷ್ಟು ಚಂದದ್ದು ಇಡೀ ಕುವೈತಿನಲ್ಲಿಲ್ಲ.”

ಬಾಬಾ ಹಿಗ್ಗಿನಲ್ಲಿ ಕೈ ಚಾಚಿ, “ಅದು ನಿನ್ನದೇ ಅಣ್ಣ, ತೆಗೆದುಕೋ,” ಎಂದರು.

“ಅಲ್ಲಾ ನಿನಗೆ ಒಳ್ಳೇದು ಮಾಡಲಿ. ತೆಗೆದುಕೊಂಡೆ.”

ಬ್ಯಾರಿ ಖಾಲಿ ತಟ್ಟೆ ಹಿಡಿದು ಒಳಗೆ ಓಡಿಬಂದ. “ಬಾಯಮ್ಮ, ಹೋಯ್ತು!”

“ಗೊತ್ತುಂಟು ಮಾರಾಯ, ಕಿವಿ ಉಂಟು ನನಗೆ. ನಗಬೇಡ, ಚಾ ಕೊಂಡ್ಹೋಗು.”

ನೆಂಟರೆಲ್ಲ ಹೋದ ಮೇಲೆ ಬಾಬಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು.

“ಏನೂ ಹೇಳಬೇಡ,” ಎಂದರು.

“ನಾನೇನು ಹೇಳಲಿ? ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿತಲ್ಲ.”

“ಅವನಿಗೆ ಕೋವಿ ನೋಡಿಕೊಳ್ಳಲು ಬರುವುದಿಲ್ಲ, ಯಾ ಬಿಂತ್! ಅವನ ತೋಟದ ಹಸಿರುಮನೆಗಳ ತೇವ ಬೇರೆ. ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ.”

“ಹಾಗಾದರೆ ನೀವೇ ಹೋಗಿ ಎಣ್ಣೆ ಹಚ್ಚಿ ಬನ್ನಿ. ಕಾರಿದೆ, ಡ್ರೈವರಿದ್ದಾನೆ. ಇಲ್ಲಿ ನಿಂತು ನನ್ನ ದಾರಿ ಏಕೆ ಕಟ್ಟುತ್ತೀರಿ?”

ಕೋವಿಯ ಪರವಾನಗಿ ಅಣ್ಣನ ಹೆಸರಿಗೆ ಆದದ್ದೇ ತಡ, ಬಾಬಾ ಎಣ್ಣೆಯ ಬಾಟಲಿ, ಹಳೆ ಬಟ್ಟೆ ಹಿಡಿದು ವಫ್ರಾಕ್ಕೆ ಹೊರಟರು. ಮುಂದಿನ ಶುಕ್ರವಾರ ಮತ್ತೆ. ಅದಾದ ಮೇಲೆ ಎಲ್ಲ ಶುಕ್ರವಾರವೂ. ವರ್ಷಕ್ಕೆರಡು ಈದ್ ಬಿಟ್ಟರೆ ಮುಖ ನೋಡದ ಇಬ್ಬರು ಮುದುಕರು ಈಗ ವಾರವಾರವೂ ಕೋವಿ ನಡುವೆ ಇಟ್ಟುಕೊಂಡು, ಎಣ್ಣೆ ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳಾಡುತ್ತಾರೆ ಎಂದು ಬ್ಯಾರಿ ವರದಿ ಒಪ್ಪಿಸುತ್ತಿದ್ದ. ಅಣ್ಣನ ಹೊಸ ಮಾತು, “ಬಂದ ನೋಡಿ ನನ್ನ ಕೋವಿಯ ಆಯಾ.” ಬಾಬಾ ಕೆಂಪಾಗುತ್ತಿರಲಿಲ್ಲವಂತೆ.

ಪ್ರತಿ ಸಲ ಕಾರಿನ ತುಂಬ ತೋಟದ ಸೌತೆಕಾಯಿ ಬರುತ್ತಿತ್ತು. ತಿಂದು ಮುಗಿಯದೆ ನಾನು ಉಪ್ಪಿನಕಾಯಿ ಹಾಕಿದೆ. ಬಾಬಾ ಅಣ್ಣನಿಗೆ ರುಚಿ ತೋರಿಸಲೆಂದು ಭರಣಿಯನ್ನೇ ಒಯ್ದರು. ಅಣ್ಣ ತಿಂದು ಬಹಳ ಹೊಗಳಿದರಂತೆ.

ಭರಣಿ ವಾಪಸು ಬರಲಿಲ್ಲ.