ಮಾರಾಟಕ್ಕಿದ್ದ ಮನೆಗೆ ದೀಪ ಹಚ್ಚಿದ ವರ್ಷ

ಕಂಪನಿ ಸರಕಾರದ ಕೊನೆಯ ವರ್ಷಗಳಲ್ಲಿ ನಾನು ಹೊಲಮನೆಗಳ ದಲಾಲಿ ಮಾಡುತ್ತಿದ್ದೆ. ರೋಣ ನನ್ನ ಊರು. ಅಲ್ಲಿ ಕಂಪನಿಯವರ ಮಾತು ನಡೆಯುತ್ತಿತ್ತು, ನರಗುಂದದಲ್ಲಿ ಸಂಸ್ಥಾನಿಕರದು, ಗಜೇಂದ್ರಗಡದಲ್ಲಿ ಜಹಗೀರದಾರರದು. ಮೂರೂ ಕಡೆಯ ಚಾವಡಿಗಳಲ್ಲಿ ಗುರುತು ಇದ್ದವನಿಗಷ್ಟೇ ಈ ಕಸುಬು. ಕೊಡುವವನನ್ನೂ ಕೊಳ್ಳುವವನನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ, ಮಾತು ಕೂಡಿಸಿ, ಖರೀದಿ ಪತ್ರಕ್ಕೆ ಸಾಕ್ಷಿ ಹಾಕಿದರೆ ನನ್ನ ಕೆಲಸ ಮುಗಿಯಿತು. ಅಂಥ ದಿನಗಳು ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಉಳಿದ ದಿನ ದಲಾಲ ಏನು ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ.

ನಡೆಯುತ್ತಾನೆ. ಅಸೂಟಿಯಲ್ಲಿ ಬಿತ್ತಿಗೆ ಹೇಗಾಯಿತೆಂದು ನೋಡಿ ಬರುತ್ತಾನೆ, ಮುಶಿಗೇರಿಯಲ್ಲಿ ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆಂದು ತಿಳಿದುಕೊಳ್ಳುತ್ತಾನೆ. ‘ಹೊಲ ಕೊಡ್ತೀರೇನು’ ಎಂದು ಬಾಯಿ ಬಿಟ್ಟು ಕೇಳಿದವನನ್ನು ಮತ್ತೊಮ್ಮೆ ಯಾರೂ ಅಂಗಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಎತ್ತಿನ ವಿಚಾರ, ಮಗಳ ಲಗ್ನದ ವಿಚಾರ ಮಾತಾಡಿ, ಮಜ್ಜಿಗೆ ಕುಡಿದು ಎದ್ದು ಬರಬೇಕು. ನನಗೆ ಅದು ಭಾರವೆನಿಸುತ್ತಿರಲಿಲ್ಲ. ಹೆಂಡತಿ ಜ್ವರದಲ್ಲಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ರೋಣದಲ್ಲಿ ತಮ್ಮನ ಸಂಸಾರದ ನಡುವೆ ನನಗೊಂದು ಕೋಣೆ ಇತ್ತು. ಅಲ್ಲಿ ಕೂತಿರುವುದಕ್ಕಿಂತ ದಾರಿಯಲ್ಲಿರುವುದೇ ಮೇಲು.

ಆ ವರ್ಷ ಬೇಸಿಗೆಯಲ್ಲಿ ಗಜೇಂದ್ರಗಡದ ಒಬ್ಬ ಕಾಳಿನ ವ್ಯಾಪಾರಿ ಬಾಗಲಕೋಟೆಗೆ ಹೊರಟು ನಿಂತರು. ಗುಡ್ಡದ ಕೆಳಗಿನ ನೇಕಾರರ ಓಣಿಯಲ್ಲಿ ಅವರದೊಂದು ಮಾಳಿಗೆ ಮನೆ. ತೇಗದ ಕಂಬಗಳು, ಅಗಲವಾದ ಪಡಸಾಲೆ, ಒಳಗೆ ಜೋಳ ತುಂಬಿಡಲು ನೆಲದೊಳಗೆ ಕೊರೆದ ದೊಡ್ಡ ಹಗೇವು. ಕೀಲಿ ನನ್ನ ಕೈಗಿಟ್ಟು, “ಅವಸರ ಇಲ್ರಿ, ಚಲೋ ಮಂದಿ ನೋಡಿ ಕೊಡ್ರಿ” ಎಂದರು.

ಅವಸರ ಮಾಡಿದರೂ ಕೊಳ್ಳುವವರು ಇರಲಿಲ್ಲ. ನರಗುಂದದ ಕಡೆಯಿಂದ ದಿನಕ್ಕೊಂದು ಸುದ್ದಿ ಬರುತ್ತಿತ್ತು. ಕತ್ತಿ, ಬಂದೂಕಿನಂಥ ಹತಾರಗಳನ್ನು ಸರಕಾರಕ್ಕೆ ಒಪ್ಪಿಸಬೇಕಂತೆ, ಎಲ್ಲಿಯೋ ದಂಡು ಇಳಿದಿದೆಯಂತೆ. ನಾಳೆ ಯಾರ ಆಳ್ವಿಕೆಯೋ ತಿಳಿಯದಾಗ ಬಂಗಾರವನ್ನು ನೆಲದಲ್ಲಿ ಹೂಳುತ್ತಾರೆ, ಮನೆ ಕೊಳ್ಳುವುದಿಲ್ಲ. ಆ ಮುಂಗಾರು ಮುಗಿಯುವವರೆಗೂ ನನ್ನ ಕೈಯಿಂದ ಒಂದು ಹೊಲದ ಮಾತೂ ಕೂಡಲಿಲ್ಲ.

ಬೀಗ ಹಾಕಿದ ಮಾಳಿಗೆ ಮನೆ ಬಹಳ ದಿನ ತಾಳುವುದಿಲ್ಲ. ಮಳೆಗೆ ಮೊದಲು ಮಣ್ಣಿನ ಚಾವಣಿಯ ಮೇಲೆ ಸವಳು ಮಣ್ಣು ಹಾಕಿ ತುಳಿಯದಿದ್ದರೆ ತೊಲೆಗಳು ನೆನೆದು ಕುಸಿಯುತ್ತವೆ. ಬೇರೆ ಕೆಲಸವಿಲ್ಲದ ನಾನು ಎರಡು ಗಾಡಿ ಸವಳು ತರಿಸಿ ಮಾಳಿಗೆ ಏರಿದೆ. ಮಧ್ಯಾಹ್ನ ಬಾಯಾರಿ ಕೆಳಗೆ ನೋಡಿದರೆ ಪಕ್ಕದ ಮನೆಯ ಹಿತ್ತಲಲ್ಲಿ ಒಬ್ಬ ಹೆಂಗಸು ನೂಲು ಒಣಹಾಕುತ್ತಿದ್ದಳು.

“ಅಕ್ಕಾ, ಒಂದಿಷ್ಟು ನೀರು ಕೊಡ್ತೀರೇನು?” ಎಂದೆ.

“ಮನಿ ಕೊಂಡವ್ರು ನೀವೇನ್ರಿ?”

“ಅಲ್ರಿ, ಮಾರಾವ.”

“ಮಾರಾವ್ರು ಮಾಳಗಿ ತುಳಿಯೂದು ಇದ ಮದಲು ನೋಡಾಕತ್ತೀನಿ” ಎಂದು ತಂಬಿಗೆ ತಂದು ಗೋಡೆಯ ಮೇಲಿಟ್ಟಳು.

ಆಕೆಯೂ ಒಬ್ಬಂಟಿ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಓಣಿಯ ನೇಕಾರರಿಗೆ ನೂಲು ಸುತ್ತಿಕೊಟ್ಟು ಜೀವನ ಮಾಡುತ್ತಿದ್ದಳು. ವಯಸ್ಸು ನನ್ನದಕ್ಕಿಂತ ಒಂದೆರಡು ವರ್ಷ ಕಡಿಮೆ ಇದ್ದೀತು.

ನಾನು ವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಬರತೊಡಗಿದೆ, ಆಮೇಲೆ ವಾರಕ್ಕೆರಡು ಬಾರಿ. ನೆಲ ಸಾರಿಸಿದೆ, ಗೆದ್ದಲು ಕೆಡವಿದೆ. ಪಾಳು ಬಿದ್ದಂತೆ ಕಾಣುವ ಮನೆಯನ್ನು ಯಾರೂ ಕೇಳುವುದಿಲ್ಲವೆಂದು ಸಂಜೆ ಪಡಸಾಲೆಯ ಗೂಡಿನಲ್ಲಿ ಕುಸುಬೆ ಎಣ್ಣೆಯ ದೀಪ ಹಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಗೋಡೆಯ ಆಚೆ ರಾಟೆಯ ಗಿರಗಿರ ಸದ್ದು. ಈಚೆ ನಾನು ಚಾಪೆ ಬಿಡಿಸಿದರೆ, ಕೆಮ್ಮಿದರೆ ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಹಿತ್ತಲ ಗೋಡೆಯ ಬಳಿ ಎರಡು ಮಾತು, ಒಮ್ಮೊಮ್ಮೆ ಬಿಸಿ ರೊಟ್ಟಿ, ಪುಂಡಿ ಪಲ್ಯ. ಅಷ್ಟೇ.

ದಸರೆಯ ಹೊತ್ತಿಗೆ ನರಗುಂದದ ಒಬ್ಬ ವರ್ತಕರು ಹೆಂಡತಿಯೊಡನೆ ಬಂದು ಮನೆ ನೋಡಿದರು. ನರಗುಂದದಲ್ಲಿ ಇರಲು ಅವರಿಗೆ ಅಂಜಿಕೆ ಹುಟ್ಟಿತ್ತು. ಕಂಬಗಳನ್ನು ಕೈಯಿಂದ ತಟ್ಟಿ ನೋಡಿ, “ಪಸಂದ ಐತಿ, ಅಮವಾಸ್ಯಿ ಕಳದ ಮ್ಯಾಲ ಬರ್ತೀನಿ” ಎಂದವರು ಬರಲೇ ಇಲ್ಲ. ಅವರ ನಂತರ ಇಬ್ಬರು ಹೀಗೆಯೇ ಮೆಚ್ಚಿ ಹೋಗಿ ಸುಮ್ಮನಾದರು. ನಾನು ಕಾಲವನ್ನೇ ಬೈದುಕೊಂಡೆ.

ಒಂದು ದಿನ ನರಗುಂದದ ಪೇಟೆಯಲ್ಲಿ ಆ ವರ್ತಕರು ಎದುರಾದರು. ಏಕೆ ಬರಲಿಲ್ಲವೆಂದು ಕೇಳಿದೆ.

“ಹಗೇವಿನಾಗ ನೀರು ಜಿನಗ್ತದಂತಲ್ರಿ! ಜೋಳ ಕೊಳ್ಯಾಕ ಮನಿ ತಗೊಳ್ಳೇನು? ಬಾಜೂ ಮನಿ ಹೆಣಮಗಳು ನಮ್ಮ ಮನ್ಯಾಗಿನವ್ರಿಗೆ ಹೇಳ್ಯಾಳ.”

ಮರುದಿನ ಗಜೇಂದ್ರಗಡಕ್ಕೆ ಹೋಗಿ ಹಗೇವಿನ ಬಾಯಿ ತೆರೆದಿಟ್ಟೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿ, ಆಮೇಲೆ ನಾನೂ ಇಳಿದೆ. ಗೋಡೆ ಸವರಿದರೆ ಕೈಗೆ ಒಣ ಧೂಳು ಹತ್ತಿತು. ತೇವದ ಗುರುತೂ ಇರಲಿಲ್ಲ. ಮೇಲೆ ಬಂದು ನೇರ ಹಿತ್ತಲಿಗೆ ಹೋದೆ.

“ಹಗೇವಿನಾಗ ನೀರು ಬರ್ತದಂತ ನೀವು ಹೇಳೀರೇನು?”

ಆಕೆ ನೂಲಿನಿಂದ ಕಣ್ಣು ತೆಗೆಯಲಿಲ್ಲ. “ಹೌದ್ರಿ, ನಾನ ಹೇಳೀನಿ. ಬಂದ ಮೂರೂ ಮಂದಿಗೆ ಹೇಳೀನಿ.”

“ಯಾಕ್ರಿ? ಇದು ನನ್ನ ಹೊಟ್ಟಿ ಕಸುಬು.”

“ತಪ್ಪಾತು.” ನೂಲಿನ ಎಳೆ ಬಿಡಿಸುತ್ತಾ ಹೇಳಿದಳು: “ಆ ಸಾವ್ಕಾರ್ರು ಇಲ್ಲಿದ್ದಾಗೂ ಪಡಸಾಲ್ಯಾಗ ಯಾರೂ ಕುಂಡ್ರತಿದ್ದಿಲ್ಲ. ನೀವು ಬಂದು ದೀಪಾ ಹಚ್ಚಾಕ ಹತ್ತಿದ್ರಿ. ಬಾಜೂಕ ಯಾರೋ ಅದಾರ ಅಂತ ಅನಸ್ತು. ಮನಿ ಹೋದ್ರ ನೀವ್ಯಾಕ ಬರ್ತೀರಿ?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ರೋಣಕ್ಕೆ ಮರಳುವ ದಾರಿಯುದ್ದಕ್ಕೂ ಆ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಆಡಿಕೊಂಡೆ. ಎಳ್ಳು ಕೊಯ್ದ ಹೊಲಗಳ ನಡುವೆ ಒಬ್ಬನೇ ನಗುತ್ತಾ ನಡೆದದ್ದು ನೆನಪಿದೆ. ನಮ್ಮ ಮಂದಿಯಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವ ಪದ್ಧತಿ ಉಂಟು, ಉಡಿಕಿ ಎನ್ನುತ್ತೇವೆ. ಯಾರೂ ತಕರಾರು ಮಾಡುವಂತಿರಲಿಲ್ಲ. ಕೆಲವು ವಾರ ಆ ವಿಚಾರವನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ಅಷ್ಟು ಹಗುರಾದ ವಾರಗಳು ನನ್ನ ಆಯುಷ್ಯದಲ್ಲಿ ಬಹಳ ಇಲ್ಲ.

ಕೊನೆಗೆ ಮಾತು ತೆಗೆದವಳು ಆಕೆಯೇ. ಹಿತ್ತಲ ಗೋಡೆಯ ಮೇಲೆ ಬುತ್ತಿ ಇಡುತ್ತಾ ಕೇಳಿದಳು: “ಮದಲ ನನಗ ಅಕ್ಕಾ ಅಂತಿದ್ರಿ. ಈಗೀಗ ಏನೂ ಅನ್ನಾಂಗಿಲ್ಲ. ಯಾಕ್ರಿ ದಲಾಲ್ರ?”

ಹೊಲದ ಮಾತು ಕೂಡಿಸುವಾಗ ಎಂದೂ ತಡವರಿಸದವನು ಅಂದು ತಡವರಿಸಿದೆ. ಆದರೂ ಹೇಳಿದೆ. ಉಡಿಕಿ ಮಾಡಿಕೊಳ್ಳೋಣವೆಂದೆ. ಗಜೇಂದ್ರಗಡದಲ್ಲೇ ಇರೋಣ, ನಿಮ್ಮ ರಾಟೆ ನಿಮಗೆ, ನನ್ನ ತಿರುಗಾಟ ನನಗೆ ಎಂದೆ.

ಆಕೆ ನಗಲಿಲ್ಲ, ಸಿಡುಕಲೂ ಇಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನೀವು ಚಲೋ ಮಂದಿ. ಸಿಟ್ಟಿಗೆ ಏಳಬ್ಯಾಡ್ರಿ. ಹತ್ತು ವರ್ಷ ಗಂಡನ ಮಾರಿ ನೋಡಕೋತ ಎದ್ದೀನಿ, ಉಂಡೀನಿ, ಅತ್ತೀನಿ. ಈಗ ನನ್ನ ಮನ್ಯಾಗ ನಾ ಇದ್ದೀನಿ. ಗ್ವಾಡಿ ಆಚಿ ಮನಷ್ಯಾರ ಸಪ್ಪಳ ಬೇಕ್ರಿ ನನಗ, ಖರೇ. ಈಚಿ ಬ್ಯಾಡ್ರಿ.”

ನಾನು ತಲೆಯಾಡಿಸಿದೆ. ಏನಾದರೂ ಹೇಳಬೇಕೆಂದು, “ರೊಟ್ಟಿ ಆರ್ತಾವು” ಎಂದೆ. ಬುತ್ತಿ ಹಿಡಿದು ಒಳಗೆ ಬಂದು ಪಡಸಾಲೆಯಲ್ಲಿ ಕೂತು ಉಂಡೆ. ಆಚೆ ರಾಟೆಯ ಸದ್ದು ಅಂದು ಬಹಳ ಹೊತ್ತು ಕೇಳಿಸಲಿಲ್ಲ.

ಆಮೇಲೆ ನಾನು ಬರುವುದನ್ನು ಕಡಿಮೆ ಮಾಡಿದೆ. ಒಂದು ಸಲ ತಿಂಗಳ ನಂತರ, ಬರುವ ದಿನವನ್ನು ಮೊದಲೇ ಹೇಳಿಕಳಿಸಿ ಹೋದಾಗ ಕಟ್ಟೆಯ ಮೇಲೆ ಒಂದು ಸಂಸಾರ ಕಾಯುತ್ತಿತ್ತು. ಎಣ್ಣೆ ವ್ಯಾಪಾರದವನು, ಅವನ ಹೆಂಡತಿ, ತಾಯಿ, ನಿಂತಲ್ಲಿ ನಿಲ್ಲದ ಐದಾರು ಮಕ್ಕಳು. ಬಾಜೂ ಮನೆಯವರು ಕರೆಸಿದರೆಂದು ಹೇಳಿದರು. ನಾನು ಬಾಗಿಲು ತೆರೆಯುವಷ್ಟರಲ್ಲಿ ಆಕೆಯೇ ಬಂದು ಆ ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. “ಮಾಳಗಿ ಒಂದ ಹನಿ ಸೋರಿಲ್ಲಬೇ. ಹಗೇವು ನೋಡ್ರಿ, ಎಂಥಾ ಒಣಾ ಐತಿ. ಇವ್ರು ದಲಾಲ್ರು, ತಮ್ಮ ಮನಿಗಿಂತಾ ಹೆಚ್ಚು ಜ್ವಾಕಿ ಮಾಡ್ಯಾರ.”

ಮಾತು ಅಂದೇ ಕೂಡಿತು. ಆ ವರ್ಷದಲ್ಲಿ ನಾನು ಮಾಡಿಸಿದ ಒಂದೇ ಮಾರಾಟ ಅದು, ಅದನ್ನೂ ಮಾಡಿದವಳು ಆಕೆ. ಖರೀದಿ ಪತ್ರವಾಗಿ ಕೀಲಿ ಕೊಟ್ಟ ದಿನ ಮಕ್ಕಳು ಮಾಳಿಗೆಯ ಮೇಲೆ ದಡದಡ ಓಡುತ್ತಿದ್ದವು. ಹಿತ್ತಲಲ್ಲಿ ನೂಲು ಹರವುತ್ತಿದ್ದ ಆಕೆ ತಲೆ ಎತ್ತಿ ಅವನ್ನೇ ನೋಡುತ್ತಿದ್ದಳು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಹೊರಟಿದ್ದನ್ನು ನೋಡಿ, “ಈ ಕಡೆ ಬಂದಾಗ ನೀರು ಕುಡದ ಹೋಗ್ರಿ” ಎಂದಳು. “ಹೂಂ ಅಕ್ಕಾ” ಎಂದೆ.

ಹೊಸ ಮನೆಯವರು ಊಟಕ್ಕೆ ನಿಲ್ಲಿಸಿಕೊಳ್ಳಲು ನೋಡಿದರು. ರಾಜೂರಿನಲ್ಲಿ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ. ಆದರೂ ಹೇಳಿದ ಮೇಲೆ ರಾಜೂರಿನ ದಾರಿಯನ್ನೇ ಹಿಡಿದೆ. ಬಿಸಿಲು ಚುರುಗುಟ್ಟುತ್ತಿತ್ತು, ದಾರಿಯಲ್ಲಿ ಒಂದು ಗಾಡಿಯೂ ಸಿಗಲಿಲ್ಲ. ಊರ ಮುಂದಿನ ಹೊಲದಲ್ಲಿ ಪರಿಚಯದ ರೈತನೊಬ್ಬ ಹತ್ತಿ ಬಿಡಿಸುತ್ತಿದ್ದ.

“ಏನ್ರಿ ದಲಾಲ್ರ, ಯಾರ ಹೊಲ ಮಾರಾಕ ಬಂದಿದ್ರಿ?” ಎಂದು ಕೂಗಿದ.

“ಯಾರದೂ ಇಲ್ಲಪಾ. ಸುಮ್ನ ಬಂದೆ.”

“ಸುಮ್ನ ಬಂದ್ರ ಕೈ ಹಚ್ರಿ ಮತ್ತ.”

ರುಮಾಲು ಬಿಚ್ಚಿ ಬದುವಿನ ಮೇಲಿಟ್ಟೆ. ಹೊತ್ತು ಇಳಿಯುವವರೆಗೆ ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸಿದೆವು.