ತೊಳೆಯದ ಕಲ್ಲುಗಳ ಕಾಟಪ್ಪ

ಹರಿಹರದ ಹೊರಗೆ, ತುಂಗಭದ್ರೆಗೆ ಸೇರುವ ಮುನ್ನ ಹಳ್ಳವೊಂದು ಜಾಲಿಗಿಡಗಳ ನಡುವೆ ತಿರುಗುವ ಜಾಗ. ಬೆಳಗಿನ ಆರು ಗಂಟೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ ಐವತ್ತನಾಲ್ಕರ ಕಾಟಪ್ಪ ನೀರಿಗಿಳಿದು, ಮುಷ್ಟಿಗಾತ್ರದ ಕಲ್ಲೊಂದನ್ನು ಬುಡದಿಂದ ಹಿಡಿದು ಎತ್ತುತ್ತಾರೆ. ಹಳ್ಳದ ನೀರನ್ನೇ ತುಂಬಿದ ಬಕೆಟ್ಟಿನೊಳಗೆ ಅದನ್ನು ಸದ್ದಾಗದಂತೆ ಇಳಿಸಿ, ಇನ್ನೊಂದಕ್ಕೆ ಕೈ ಹಾಕುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು, ಅವರ ಹಿಂದೆ ಠೀವಿಯಿಂದ ಇಳಿಯಲು ಹೋದ ನಾನು ಮೊದಲ ಹೆಜ್ಜೆಗೇ ಜಾರಿ, ಕ್ಯಾಮೆರಾ ಮಾತ್ರ ಮೇಲೆತ್ತಿ ಹಿಡಿದು, ನೀರಲ್ಲಿ ಕೂತುಬಿಡುತ್ತೇನೆ. ಅಂಗೈ ತುಂಬ ಕಂದು ಲೋಳೆ. ಪ್ಯಾಂಟಿಗೆ ಒರೆಸಲು ಹೊರಟರೆ ಕಾಟಪ್ಪ ತಡೆಯುತ್ತಾರೆ.

“ಒರೆಸ್ಬ್ಯಾಡ್ರಿ ಸಾರ್, ನೀರಾಗೇ ಬಿಡ್ರಿ. ಜೀವ ಐತೆ ಅದ್ರಾಗೆ.”

ಕಾಟಪ್ಪ ದಾವಣಗೆರೆಯ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಅಟೆಂಡರ್. ಮನೆ ಆನೆಕೊಂಡದಲ್ಲಿ. ಪ್ರತಿ ಸೋಮವಾರ ಮತ್ತು ಗುರುವಾರ ಮೊದಲ ಬಸ್ಸಿಗೆ ಹರಿಹರ, ಅಲ್ಲಿಂದ ಎರಡು ಮೈಲಿ ನಡಿಗೆ, ಎಂಟು ಕಲ್ಲು, ಮತ್ತೆ ಬಸ್ಸು. ತುಂಬಿದ ಬಕೆಟ್ಟು ಹನ್ನೆರಡು ಕಿಲೋ ತೂಗುತ್ತದೆ. ಮೀನಿರಬೇಕೆಂದು ಇಣುಕಿದ ಕಂಡಕ್ಟರು ಕಲ್ಲು ಕಂಡು ಇವರ ಮುಖವನ್ನೇ ನೋಡುತ್ತಾನಂತೆ. ಒಂಬತ್ತಕ್ಕೆ ಕಾಲೇಜು ಮುಟ್ಟಿದ ಮೇಲೆ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕಲ್ಲಿನ ಲೋಳೆಯನ್ನು ತಟ್ಟೆಗೆ ಇಳಿಸುವವರೂ ಈಗ ಇವರೇ. ಅದನ್ನು ಸೋಸಿ, ತೂಗಿ, ಸೂಕ್ಷ್ಮದರ್ಶಕದಡಿ ಎಣಿಸುವವರು ಉಪನ್ಯಾಸಕಿ ಆಶಾರಾಣಿ. ಮೂರು ವರ್ಷದ ಹಿಂದೆ, 1996ರಲ್ಲಿ ಶುರುವಾದ ಈ ಸಂಶೋಧನೆ ಅವರದು.

ಪುಸ್ತಕಗಳು ಬಯೋಫಿಲ್ಮ್ ಎಂದು ಕರೆಯುವ ಈ ಲೋಳೆಯ ಬಗ್ಗೆ ಆಶಾರಾಣಿ ಹೇಳಿದ್ದನ್ನು ಕೇಳಿ ನಾನು ದಂಗಾದೆ. ಉಗುರಿನಗಲದ ಜಾಗದಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ, ಪಾಚಿ, ಶಿಲೀಂಧ್ರಗಳು ತಾವೇ ಸ್ರವಿಸಿದ ಅಂಟಿನಲ್ಲಿ ಒಟ್ಟಿಗೆ ಸಂಸಾರ ಹೂಡಿರುತ್ತವೆ. ನೀರಿನಲ್ಲಿ ಕೊಳೆತದ್ದನ್ನು ಉಂಡು ಕರಗಿಸುತ್ತವೆ. ಹುಳುಗಳು ಈ ಲೋಳೆಯನ್ನು ಮೇಯುತ್ತವೆ, ಮೀನು ಹುಳುಗಳನ್ನು ತಿನ್ನುತ್ತದೆ. ಹಳ್ಳದ ಅಡುಗೆಮನೆ ಅದೇ, ಕಸ ಬಳಿಯುವುದೂ ಅದೇ. ನಾವೋ, ಅದರ ಮೇಲೆ ಜಾರಿಬಿದ್ದು ಬೈದುಕೊಳ್ಳುತ್ತೇವೆ.

ಆದರೆ ಮೊದಲ ಹನ್ನೊಂದು ತಿಂಗಳು ಆಶಾರಾಣಿಯವರ ತಟ್ಟೆಗೆ ಏನೂ ಇಳಿಯಲಿಲ್ಲ. ಹಳ್ಳ ಸತ್ತಿದೆ ಎಂದೇ ಅವರು ವರದಿ ಬರೆಯಲು ಕೂತಿದ್ದರು. ಒಂದು ಬೆಳಿಗ್ಗೆ ಬೇಗ ಬಂದವರು ಹಾಸ್ಟೆಲ್ಲಿನ ನೀರಿನ ನಲ್ಲಿಯ ಬಳಿ ಕಂಡದ್ದು, ಕುಕ್ಕರಗಾಲಿನಲ್ಲಿ ಕೂತು ಎಂಟೂ ಕಲ್ಲುಗಳನ್ನು ತೆಂಗಿನ ನಾರು, ಬೂದಿ ಹಾಕಿ ತಿಕ್ಕುತ್ತಿದ್ದ ಕಾಟಪ್ಪನವರನ್ನು. “ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ” ಎನ್ನುತ್ತಾರೆ ಆಶಾರಾಣಿ.

ಕಾಟಪ್ಪನವರನ್ನು ದೂರುವುದು ಹೇಗೆ? ಗಾಜು ತೊಳೆಯುವುದರಲ್ಲಿ ಇಡೀ ಕಾಲೇಜಿಗೇ ಹೆಸರಾದವರು ಅವರು. ಹಿಂದಿನ ಮುಖ್ಯಸ್ಥರು ದಿನಾ ಪ್ರನಾಳದೊಳಗೆ ಬೆರಳಾಡಿಸಿ ನೋಡುತ್ತಿದ್ದರಂತೆ. “ಕೊಳಕು ಕಲ್ಲು ಮೇಡಮ್ಮೋರ ಟೇಬಲ್ ಮ್ಯಾಲೆ ಇಡೋದು ಹೆಂಗ್ರಿ? ನಾಚ್ಕೆ ಆಗಲ್ವಾ?” ಎನ್ನುತ್ತಾರೆ ಕಾಟಪ್ಪ. ಆ ದಿನ ಆಶಾರಾಣಿ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಬಕೆಟ್ಟಿನ ತಳದಲ್ಲಿ ಉಳಿದಿದ್ದ ಒಂದು ಹನಿ ಲೋಳೆ ತೋರಿಸಿದರು. ಕಾಟಪ್ಪ ಕಣ್ಣು ಕೀಳಲಿಲ್ಲ. “ದೋಣಿ ಥರದವು, ಸರ ಪೋಣಿಸಿದ ಥರದವು, ಓಡಾಡ್ತಿದ್ವು ಸಾರ್. ಇಷ್ಟನ್ನೂ ನಾನು ನಾರು ಹಾಕಿ ತಿಕ್ಕೀನಲ್ಲ ಅಂತ ಎರಡು ದಿನ ಅನ್ನ ಸೇರ್ಲಿಲ್ಲ.” ಹನ್ನೊಂದು ತಿಂಗಳ ಕೆಲಸಕ್ಕೆ ಅಡ್ಡಗೀಟು ಬಿತ್ತು. ಎಲ್ಲವೂ ಮೊದಲಿನಿಂದ ಶುರುವಾಯಿತು.

ಇಲ್ಲಿಗೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು.

ಕಳೆದ ವರ್ಷದ ಫೆಬ್ರವರಿ. ಸೋಮವಾರ ಹಳ್ಳಕ್ಕಿಳಿದ ಕಾಟಪ್ಪನವರ ಕಾಲು ಜಾರಲೇ ಇಲ್ಲ. ಕಲ್ಲುಗಳೆಲ್ಲ ಬೋಳು, ಮುಟ್ಟಿದರೆ ಒರಟು. ನೀರು ತಿಳಿಯಾಗಿಯೇ ಇತ್ತು, ಬಣ್ಣವಿಲ್ಲ, ವಾಸನೆಯಿಲ್ಲ, ಸತ್ತ ಮೀನೊಂದೂ ಕಾಣಲಿಲ್ಲ. ಕಾಲೇಜಿನಲ್ಲಿ ಬ್ರಷ್ಷಿಗೆ ಏನೂ ಸಿಗದಿದ್ದಾಗ ಆಶಾರಾಣಿ ಮೆಲ್ಲಗೆ ಕೇಳಿದರು: “ಕಾಟಪ್ಪನವರೇ, ಮತ್ತೆ ತೊಳೆದ್ರಾ?”

“ಇಲ್ರಿ ಮೇಡಂ, ದೇವ್ರಾಣೆ ಇಲ್ಲ ಅಂದೆ. ಅವ್ರು ಖಾಲಿ ತಟ್ಟೆ ಎತ್ತಿಟ್ಟು ಹೋದ್ರು. ನಂಬಿಲ್ಲ ಅಂತ ಗೊತ್ತಾತು. ಆಮ್ಯಾಲೆ ನನಗೇ ಅನುಮಾನ ಬಂತು ಸಾರ್. ಇಪ್ಪತ್ತೈದು ವರ್ಷ ತೊಳೆದ ಕೈ. ಗ್ಯಾನ ಇಲ್ದೆ ತೊಳೆದ್ನೇನೋ ಅಂತ.”

ಗುರುವಾರವೂ ಬೋಳು ಕಲ್ಲುಗಳೇ ಬಂದವು. ಶುಕ್ರವಾರ ಬೆಳಿಗ್ಗೆ ಆಶಾರಾಣಿ ತಾವೇ ಹಳ್ಳಕ್ಕೆ ಬಂದರು. ಒಂದು ಮೈಲಿ ಮೇಲಕ್ಕೆ ನಡೆದಾಗ ಇಬ್ಬರಿಗೂ ಕಂಡದ್ದು ಟ್ಯಾಂಕರಿನ ಗಾಲಿಗುರುತು, ಮತ್ತು ಮೈಲುತುತ್ತದ ನೀಲಿಗೆ ತಿರುಗಿದ ದಡದ ಮಣ್ಣು. ವಿಷ ಸುರಿದು ಹೋದವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಹಳ್ಳದ ಮಗ್ಗುಲಲ್ಲಿ ಮಾಬೂಬೀ ಎಂಬ ಅರವತ್ತರ ಹೆಂಗಸಿನ ಗುಡಿಸಲಿದೆ. ಹಳ್ಳದ ಮರಳಿನಲ್ಲಿ ತೋಡಿದ ಒರತೆಯ ನೀರೇ ಅವರಿಗೆ ಕುಡಿಯಲು. ಮೇಲ್ಗಡೆ ಮೇಯಲು ಹೋದ ಅವರ ಎಮ್ಮೆ ಬುಧವಾರ ಸತ್ತಿತ್ತು. ಅವರೋ ಸೋಮವಾರ ಸಂಜೆಯಿಂದಲೇ ವಾಂತಿ ಮಾಡಿಕೊಳ್ಳುತ್ತ, ತಂಗಳನ್ನ ಕೆಟ್ಟಿರಬೇಕೆಂದುಕೊಂಡು, ಹೊಟ್ಟೆ ತಣ್ಣಗಾಗಲೆಂದು ಅದೇ ನೀರನ್ನು ಮತ್ತೆ ಮತ್ತೆ ಕುಡಿದಿದ್ದರು. ಆಶಾರಾಣಿ ಮತ್ತು ಕಾಟಪ್ಪ ಗುಡಿಸಲಿಗೆ ಹೋದಾಗ ಅವರಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬದುಕಿ ಬಂದರು.

“ಸೋಮವಾರ ಅಕ್ಕ ನನ್ನ ಎದುರಿಗೇ ಕೊಡ ತುಂಬಿದ್ಲು” ಎನ್ನುತ್ತಾರೆ ಕಾಟಪ್ಪ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ. “ಕಲ್ಲು ಬೋಳಾಗಿದ್ದು ನನಗೆ ಗೊತ್ತಿತ್ತು. ಅಟೆಂಡರ್ ನಾನು, ಹೇಳೋಕೆ ಯಾರು ಅಂತ ಸುಮ್ನಾದೆ.” ಆಶಾರಾಣಿಯವರಿಗೂ ಆ ನಾಲ್ಕು ದಿನಗಳ ಸಂಕಟ ಇಳಿದಿಲ್ಲ. “ತೊಳೆದಾಗ ಅವರು ಬಚ್ಚಿಟ್ಟಿರಲಿಲ್ಲ, ಹನ್ನೊಂದು ತಿಂಗಳೂ ತೊಳೆದದ್ದನ್ನ ಕೇಳಿದ ಕೂಡಲೇ ಒಪ್ಕೊಂಡಿದ್ರು. ಅಂಥವರು ತೊಳೆದಿಲ್ಲ ಅಂದಾಗ ನಾನು ನಂಬಬೇಕಿತ್ತು” ಎನ್ನುತ್ತಾರೆ.

ಬಿಸಿಲು ನೀರಿಗೆ ಬೀಳುವ ಹೊತ್ತಿಗೆ ಮಾಬೂಬೀ ಖಾಲಿ ಕೊಡ ಹಿಡಿದು ದಡಕ್ಕೆ ಬರುತ್ತಾರೆ. ಪಂಚಾಯ್ತಿಯವರು ಹೇಳಿದ ಬೋರ್‌ವೆಲ್ ಇನ್ನೂ ಬಂದಿಲ್ಲ. ಅವರು ಒರತೆಯ ಕಡೆ ಹೋಗದೆ ಅಲ್ಲೇ ನಿಲ್ಲುತ್ತಾರೆ.

“ಹೆಂಗೈತೆ ತಮ್ಮಾ?”

ಕಾಟಪ್ಪ ಬಕೆಟ್ಟಿಗೆ ಸೇರದ ಎರಡು ಮೂರು ಕಲ್ಲುಗಳನ್ನು ಹೆಬ್ಬೆರಳಿನಿಂದ ಸವರುತ್ತಾರೆ. “ಲೋಳೆ ಐತೆ. ತುಂಬ್ಕಳಕ್ಕ. ಕಾಯಿಸಿ ಕುಡಿ.” ಆಕೆ ಒರತೆಯ ಬಳಿ ಕೂರುತ್ತಾರೆ.

ಲೋಳೆ ಇದ್ದ ಮಾತ್ರಕ್ಕೆ ನೀರು ಶುದ್ಧ ಎಂದಲ್ಲ, ಆದರೆ ಅದು ಇದ್ದಕ್ಕಿದ್ದಂತೆ ಮಾಯವಾದರೆ ಏನೋ ಕೆಟ್ಟದ್ದಾಗಿದೆ ಎಂದರ್ಥ ಎಂದು ಆಶಾರಾಣಿ ನನಗೆ ಎಚ್ಚರಿಸಿದ್ದರು. ಒಂದು ದಿನ ನಿಮ್ಮ ಅಂದಾಜು ತಪ್ಪಿದರೆ, ಸುಮ್ಮನೆ ಹೆದರಿಸಿದಂತಾದರೆ ಎಂದು ಕಾಟಪ್ಪನವರನ್ನು ಕೇಳಿದೆ. ಅವರು ಬಕೆಟ್ಟಿಗೆ ಒದ್ದೆ ಗೋಣಿಚೀಲ ಮುಚ್ಚಿ, ಹೆಗಲಿಗೇರಿಸಿಕೊಂಡು, ದಡ ಹತ್ತಿದ ಮೇಲೆ ಉತ್ತರ ಕೊಟ್ಟರು.

“ತಪ್ಪಿದ್ರೆ ತಪ್ಲಿ ಬಿಡ್ರಿ ಸಾರ್. ನಗ್ತಾರೆ, ಅಷ್ಟೇ ಅಲ್ವಾ. ಒಂದಿನ ಖಾಲಿ ಕೊಡ ಹೊತ್ಕೊಂಡು ಹೋದ್ರೆ ಯಾರೂ ಸಾಯಲ್ಲ. ನನ್ ಜಾಗಕ್ಕೆ ನಾಳೆ ಯಾರೇ ಬರ್ಲಿ, ಕಲ್ಲು ಕಾಲೇಜಿಗೆ ಒಯ್ಯೋಕೆ ಮೊದ್ಲು ಅಕ್ಕಗೆ ಹೇಳಿ ಹೋಗ್ಲಿ.”