ಮೊದಲ ದಿನದ ಸೊನ್ನೆ

ಗದಗ ಹೊಸ ಜಿಲ್ಲೆಯಾದ ವರ್ಷವೇ ಶಿರಹಟ್ಟಿಯ ಗಣಿತದ ಮಾಸ್ತರ ಸಿದ್ದಾರೂಢ ಪಿಎಚ್.ಡಿ.ಗೆ ಕೈ ಹಾಕಿದ. ಜಿಲ್ಲೆಯ ಕಚೇರಿಗಳು ಎದ್ದು ನಿಂತವು. ಅವನ ಪ್ರಬಂಧ ಮಾತ್ರ ಕೂತಲ್ಲೇ ಕೂತಿತ್ತು. ಒಂಬತ್ತನೆಯ ವರ್ಷದಲ್ಲಿ ಅದು ಹೇಗೋ ಮುಗಿದಾಗ, ಅದರಲ್ಲೇನಿದೆ ಎಂದು ಹೆಂಡತಿ ಸಾವಿತ್ರೆವ್ವ ಕೇಳಿದಳು. ಹಾಗೆ ಕೇಳಿದವಳು ಅವಳೊಬ್ಬಳೇ. ಮಾಸ್ತರ ಉಬ್ಬಿಹೋದ.

“ನಾ ನಿನ್ನ ಕೂಡ ಇವತ್ತ ಹತ್ತು ಮಾತಾಡ್ತೀನಿ, ನಾಳೆ ನೂರು, ಯಾರಿಗ್ಗೊತ್ತು? ಅವನ್ನ ದಿನಾ ಕೂಡಿಸ್ಕೊಂತ ಹೋಗು. ದಿನದಿನದ ಆ ಮೊತ್ತಾನೆಲ್ಲಾ ಒಂದಕ್ಕೊಂದು ಗುಣಿಸು. ಸರಿಯಾಗಿ ಅಳದ್ರ, ದಿನ ಹೆಚ್ಚಾದಂಗ ಆ ಗುಣಾಕಾರ ಮನಸಿಗೆ ಬಂದಂಗ ಕುಣಿಯೂದಿಲ್ಲ, ಒಂದು ನೇಮಕ್ಕ ಬರತೈತಿ.”

“ಮೊದಲನೇ ದಿನಾನ ಸೊನ್ನಿ ಇದ್ರ?”

“ಆಮ್ಯಾಲ ಎಷ್ಟ ಗುಣಿಸಿದ್ರೂ ಸೊನ್ನೀನ. ಅದಕ್ಕ ಸೊನ್ನಿ ಇರಬಾರದು ಅಂತ ಮೊದಲನೇ ಪುಟದಾಗ ಬರದೀನಿ.”

“ಹಂಗಾರ ಇದು ನಮ್ಮನಿಗೆ ಹೊಂದೂದಿಲ್ಲ ಬಿಡ್ರಿ,” ಎಂದಳು ಸಾವಿತ್ರೆವ್ವ. “ಮದುವಿ ದಿನ ಅಕ್ಕಿಕಾಳು ಬಿದ್ದ ಕೂಡ್ಲೆ ನೀವು ಪೇಪರ್ ತಿದ್ದಾಕ ಕುಂತ್ರಿ. ನನ್ನ ಕೂಡ ಒಂದ ಮಾತ ಆಡಲಿಲ್ಲ.”

ಮಾಸ್ತರನಿಗೆ ಆ ಪೇಪರುಗಳು ಚೆನ್ನಾಗಿ ನೆನಪಿದ್ದವು. ಅಂದು ಅವನು ಏಳು ಹುಡುಗರಿಗೆ ಸೊನ್ನೆ ಕೊಟ್ಟಿದ್ದ. ಎಂಟನೆಯ ಸೊನ್ನೆ ಯಾರದೆಂದು ಈಗ ತಿಳಿಯಿತು.